ಪರದೇಶಿ, ಗರೀಬ, ಬೇವರ್ಸಿ: ಹೊರಗಿನವನು ದಿಕ್ಕಿಲ್ಲದವನಾದ ಬಗೆ

ಸಾವಿನ ಮನೆಯ ಅಳುವಿನಲ್ಲಿ ಕೇಳಿಬರುವ ಒಂದು ವಾಕ್ಯದಿಂದ ಆರಂಭಿಸುತ್ತೇವೆ: 'ನಮ್ಮನ್ನು ಪರದೇಶಿ ಮಾಡಿ ಹೋದೆಯಲ್ಲಾ.' ಆಡುಮಾತಿನಲ್ಲಿ ಇದು 'ಪರದೇಶಿ ಮಾಡಿ ಹೋದ್ಯಲ್ಲೋ' ಎಂದಾಗುತ್ತದೆ. ಹಲವೆಡೆ ಶಕಾರ ಸಕಾರವಾಗಿ 'ಪರದೇಸಿ' ಎಂದೂ ಕೇಳುತ್ತದೆ. ಈ ವಾಕ್ಯವನ್ನು ಒಮ್ಮೆಯೂ ಕೇಳದ ಕನ್ನಡಿಗರು ವಿರಳ. ಇಲ್ಲಿ ಹೋದವರು ಒಬ್ಬರು, ಪರದೇಶಿಯಾದವರು ಮತ್ತೊಬ್ಬರು. ಅಳುತ್ತಿರುವವಳು ತನ್ನ ಮನೆಯ ಹೊಸ್ತಿಲನ್ನೂ ದಾಟಿಲ್ಲ. ಅವಳು ಕುಳಿತಿರುವುದು ತಾನು ಹುಟ್ಟಿದ ಅಥವಾ ಬಾಳಿದ ಊರಿನಲ್ಲಿ, ತನ್ನ ನುಡಿಯನ್ನೇ ಆಡುವವರ ನಡುವೆ. ಆದರೂ ಅವಳು ಪರದೇಶಿ. 'ಬೇರೆ ದೇಶದವನು' ಎಂಬ ವ್ಯುತ್ಪತ್ತ್ಯರ್ಥವನ್ನು ಹಿಡಿದು ಈ ವಾಕ್ಯವನ್ನು ಬಿಡಿಸಲು ಹೊರಟರೆ ಏನೂ ದಕ್ಕುವುದಿಲ್ಲ.

ಪದದ ರಚನೆಯಲ್ಲಿ ತೊಡಕಿಲ್ಲ. ಸಂಸ್ಕೃತದ 'ಪರ', 'ದೇಶ' ಮತ್ತು ಮತ್ವರ್ಥೀಯ ಪ್ರತ್ಯಯ ಸೇರಿ 'ಪರದೇಶಿನ್' ಆಗುತ್ತದೆ; ಅರ್ಥ ಅನ್ಯದೇಶದವನು, ಪ್ರವಾಸಿ. ಕನ್ನಡ ವ್ಯಾಕರಣಗಳ ವರ್ಗೀಕರಣದಲ್ಲಿ ಇದನ್ನು ತತ್ಸಮದ ಸಾಲಿನಲ್ಲಿಡುವುದು ರೂಢಿ. ಆದರೆ ತತ್ಸಮ ಎಂಬ ಪರಿಭಾಷೆ ರೂಪದ ಸಾಮ್ಯವನ್ನು ಮಾತ್ರ ಹೇಳುತ್ತದೆ, ಅರ್ಥದ ಸಾಮ್ಯಕ್ಕೆ ಅದು ಹೊಣೆಯಲ್ಲ. ರೂಪದಲ್ಲಿ ಸಂಸ್ಕೃತವಾಗಿಯೇ ಉಳಿದು ಅರ್ಥದಲ್ಲಿ ಪೂರ್ತಿ ದೇಶ್ಯವಾಗಿರುವ ಪದಗಳಿಗೆ ನಮ್ಮ ವ್ಯಾಕರಣ ಪರಂಪರೆಯಲ್ಲಿ ಬೇರೆ ಹೆಸರಿಲ್ಲ. 'ಪರದೇಶಿ' ಅಂಥ ಪದ.

ಇಂದಿನ ಕನ್ನಡದ ಬಳಕೆಯನ್ನು ನೋಡೋಣ. 'ಪರದೇಶ' ಎಂಬ ನಾಮಪದ ತನ್ನ ಹಳೆಯ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಮಗ ಪರದೇಶಕ್ಕೆ ಹೋಗಿದ್ದಾನೆ ಎಂಬುದು ಹೆಮ್ಮೆಯ ಮಾತು. ಹಾಗೆ ಹೋದ ಮಗನನ್ನು ಪರದೇಶಿ ಎಂದರೆ ತಾಯಿ ಜಗಳಕ್ಕೆ ಬರುತ್ತಾಳೆ. ಅಲ್ಲಿಂದ ಇಲ್ಲಿಗೆ ಬಂದವನನ್ನು 'ಪರದೇಶದವನು' ಎನ್ನಬಹುದು. ಷಷ್ಠಿ ವಿಭಕ್ತಿಯ ಮೂಲಕ ಕಟ್ಟಿದ ಈ ರೂಪದಲ್ಲಿ ಯಾವ ತಿರಸ್ಕಾರವೂ ಇಲ್ಲ. ಅದೇ ಪ್ರಕೃತಿಯಿಂದ ಹುಟ್ಟಿದ ತದ್ಧಿತಾಂತ ರೂಪದಲ್ಲಿ ಮಾತ್ರ ಅರ್ಥ ಬೇರೆಡೆಗೆ ಸರಿದಿದೆ. ಅದರಲ್ಲಿಯೂ ಒಂದು ನಿಯಮ ಕಾಣುತ್ತದೆ: ಅಚೇತನ ವಸ್ತುವಿಗೆ ವಿಶೇಷಣವಾದಾಗ ಹಳೆಯ ಅರ್ಥ ಇನ್ನೂ ಉಸಿರಾಡುತ್ತದೆ, 'ಪರದೇಶಿ ಮಾಲು' ಎಂದರೆ ಹೊರದೇಶದ ಸರಕೇ. ಮನುಷ್ಯನಿಗೆ ಹತ್ತಿದೊಡನೆ, ಅಂದರೆ 'ಪರದೇಶಿ ಕೂಸು', 'ಪರದೇಶಿ ಹೆಂಗಸು', 'ತಬ್ಬಲಿ ಪರದೇಶಿ' ಎಂದೊಡನೆ, ಅರ್ಥ ಅನಾಥ, ದಿಕ್ಕಿಲ್ಲದವ ಎಂದಾಗುತ್ತದೆ. ಸಂಬೋಧನೆಯಲ್ಲಿ ಅದು ಬೈಗುಳ. ಮನುಷ್ಯವಾಚಕವಾಗಿ ಹಳೆಯ ಅರ್ಥವನ್ನು ಹೊರುವ ಕೆಲಸವನ್ನು ಈಗ 'ವಿದೇಶಿ' ಮಾಡುತ್ತಿದೆ. 'ಸ್ವದೇಶಿ'ಗೆ ಇಂದು ವಿರುದ್ಧ ಪದ ಕೇಳಿದರೆ ವಿದ್ಯಾರ್ಥಿಗಳು ಹೇಳುವುದು 'ವಿದೇಶಿ' ಎಂದೇ. 'ಸ್ವ'ಕ್ಕೆ ಎದುರಾಗಿ 'ಪರ' ನಿಲ್ಲಬೇಕಿದ್ದ ಜಾಗ ತೆರವಾಗಿ ಬಹಳ ಕಾಲವಾಗಿದೆ.

ಈ ಪಲ್ಲಟಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಸರಳವಾದದ್ದು. ಹೊರನಾಡಿನಿಂದ ಬಂದವರು ಬಡವರಾಗಿ, ಭಿಕ್ಷುಕರಾಗಿ ಬಂದರು. ಆದ್ದರಿಂದ ಹೊರಗಿನವನೆಂಬ ಪದಕ್ಕೆ ಬಡವನೆಂಬ ಅರ್ಥ ಬಂದಿತು ಎಂಬುದು ಆ ವಾದ. ತಮಿಳಿನ ಸಾಕ್ಷ್ಯ ಇದಕ್ಕೆ ಒಂದಿಷ್ಟು ಬೆಂಬಲ ಕೊಡುತ್ತದೆ. ಅಲ್ಲಿ 'ಪರದೇಶಿ' ಎಂದರೆ ತಿರಿದುಣ್ಣುವ ಯಾತ್ರಿಕ; 'ಆಂಡಿ' ಎಂಬ ಭಿಕ್ಷುವಾಚಕದೊಡನೆ ಅದು ಜೋಡಿಯಾಗಿ ಬರುತ್ತದೆ; ಬರಗಾಲವನ್ನು ಸೂಚಿಸುವ 'ಪಂಜಂ' ಎಂಬ ಪದದೊಡನೆ ಸೇರಿ ಬೈಗುಳವಾಗುತ್ತದೆ. ಆದರೆ ಕರ್ನಾಟಕದ ಇತಿಹಾಸದಲ್ಲಿ ಹೊರಗಿನವರೆಂದು ಹೆಸರಿಟ್ಟು ಗುರುತಿಸಲಾದವರು ಯಾರೆಂದು ವಿಚಾರಿಸಿದರೆ ಈ ವಿವರಣೆ ಸಾಲದೆಂದು ತೋರುತ್ತದೆ. ನಾವು ಎರಡು ಸಂದರ್ಭಗಳನ್ನು ಪರಿಶೀಲಿಸುತ್ತೇವೆ.

ಅಯ್ಯಾವೊಳೆಯ ಪರದೇಶಿಗಳು

ಮೊದಲನೆಯದು ಅಯ್ಯಾವೊಳೆಯ ಐನೂರ್ವರ ವಣಿಕ ಸಂಘ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಬೇರೂರಿದ ಈ ಸಂಘದ ಶಾಸನಗಳು ಕರ್ನಾಟಕದ ಉದ್ದಗಲಕ್ಕೂ, ತಮಿಳುನಾಡಿನಲ್ಲಿಯೂ, ಶ್ರೀಲಂಕೆಯಲ್ಲಿಯೂ ದೊರೆತಿವೆ. ಸುಮಾತ್ರಾದ ಬರೂಸಿನಲ್ಲಿ ದೊರೆತ 1088ರ ತಮಿಳು ಶಾಸನ ಐನೂರ್ವರದು. ಬರ್ಮಾದ ಪಗಾನಿನಲ್ಲಿ 13ನೆಯ ಶತಮಾನದ ವಿಷ್ಣು ದೇವಾಲಯವೊಂದು 'ನಾನಾದೇಶಿ' ಎಂಬ ಹೆಸರನ್ನೇ ಹೊತ್ತಿತ್ತು. ಸಂಘದ ವರ್ತಕರು ಸ್ವದೇಶಿ, ಪರದೇಶಿ, ನಾನಾದೇಶಿ ಎಂದು ವಿಂಗಡವಾಗಿದ್ದರು. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ 'ಉಭಯನಾನಾದೇಶಿ' ಎಂಬ ಬಿರುದಿನ 'ಉಭಯ' ಸೂಚಿಸುವುದು ಸ್ವದೇಶಿ ಮತ್ತು ಪರದೇಶಿಗಳನ್ನು ಎಂಬುದು ಪ್ರಚಲಿತ ವಿವರಣೆ. ಶಿಕಾರಿಪುರ ಪ್ರದೇಶದ 11ನೆಯ ಶತಮಾನದ ಪ್ರಶಸ್ತಿಯೊಂದು ಇವರು ಸುತ್ತಿದ ನಾಡುಗಳನ್ನು ಚೇರ ಚೋಳಗಳಿಂದ ಹಿಡಿದು ಪಾರಸ ನೇಪಾಳಗಳವರೆಗೆ ಪಟ್ಟಿಮಾಡುತ್ತದೆ. ಆನೆ, ಕುದುರೆ, ರತ್ನ, ಸುಗಂಧದ್ರವ್ಯಗಳ ವ್ಯಾಪಾರವನ್ನು ವರ್ಣಿಸುತ್ತದೆ.

ಇಲ್ಲಿ 'ಪರದೇಶಿ' ಬಡತನವನ್ನೂ ಸೂಚಿಸುವುದಿಲ್ಲ, ನಿಂದೆಯನ್ನೂ ಸೂಚಿಸುವುದಿಲ್ಲ. ಅದು ವ್ಯವಹಾರದ ವರ್ಗನಾಮ. ಪ್ರಶಸ್ತಿಯೊಳಗೆ ಬಂದಾಗ ಗೌರವದ ನಾಮವೂ ಹೌದು. 'ದೇಶ' ಎಂಬುದಕ್ಕೆ ಆಗ ಇಂದಿನ ರಾಷ್ಟ್ರದ ಅರ್ಥವಿರಲಿಲ್ಲ ಎಂಬುದನ್ನು ಮರೆಯಬಾರದು. ನಾಲ್ಕು ದಿನದ ದಾರಿಯಾಚೆಯ ನಾಡೂ ಪರದೇಶವೇ.

ಬೀದರಿನ ಗರೀಬರು

ಎರಡನೆಯ ಸಂದರ್ಭದಲ್ಲಿ ಪದ ಬೇರೆ, ಭಾಷಾಕುಟುಂಬವೂ ಬೇರೆ. ಬಹಮನಿ ರಾಜ್ಯ 1347ರಲ್ಲಿ ಸ್ಥಾಪನೆಯಾಯಿತು. 15ನೆಯ ಶತಮಾನದ ಮೊದಲರ್ಧದಲ್ಲಿ ಅದರ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಸ್ಥಳಾಂತರಗೊಂಡಿತು. ಆ ಶತಮಾನದ ಬೀದರಿನ ರಾಜಕಾರಣವನ್ನೆಲ್ಲ ಆಕ್ರಮಿಸಿದ್ದು ಎರಡು ಸರದಾರ ಪಕ್ಷಗಳ ಕಲಹ. ಒಂದು ದಖ್ಖನಿಗಳದು. ಇನ್ನೊಂದು ಇರಾನ್, ಇರಾಕ್, ಮಧ್ಯ ಏಷ್ಯಾಗಳಿಂದ ಕಡಲು ದಾಟಿ ಬಂದವರದು. ಈ ಎರಡನೆಯವರಿಗೆ 'ಆಫಾಕಿ' ಎಂದು ಹೆಸರು. 'ಗರೀಬ' ಎಂದೂ, ದೇಶಭಾಷೆಯಲ್ಲಿ 'ಪರದೇಶಿ' ಎಂದೂ ಇತಿಹಾಸಕಾರರು ಕರೆದಿದ್ದಾರೆ. ಅರಬ್ಬಿಯಲ್ಲಿ ಆಫಾಕ್ ಎಂದರೆ ದಿಗಂತಗಳು. ಗರೀಬ್ ಎಂದರೆ ಅಪರಿಚಿತ, ಪರಕೀಯ. ಮುಳುಗು, ದೂರ ಹೋಗು ಎಂಬರ್ಥದ ಗ್-ರ್-ಬ್ ಧಾತುವಿನಿಂದ ಬಂದದ್ದು. ಪಶ್ಚಿಮವನ್ನು ಸೂಚಿಸುವ 'ಮಗ್ರಿಬ್' ಕೂಡ ಅದೇ ಧಾತುವಿನದು. ಕೆಲವು ವಿದ್ವಾಂಸರು ಬಹಮನಿ ಸಂದರ್ಭದಲ್ಲಿ ಈ ಪಕ್ಷವನ್ನು 'ಪಶ್ಚಿಮದವರು' ಎಂದು ಅನುವಾದಿಸುವುದಕ್ಕೆ ಧಾತುವಿನ ಈ ಎರಡನೆಯ ಮುಖವೇ ಆಧಾರ.

ಈ ಗರೀಬರು ಬಡವರಾಗಿರಲಿಲ್ಲ. ಗೀಲಾನಿನಿಂದ ಬಂದ ಮಹಮೂದ್ ಗವಾನ್ ಅವರಲ್ಲಿ ಅತ್ಯಂತ ಪ್ರಸಿದ್ಧ. ವರ್ತಕನಾಗಿ ಬಂದು, 'ಮಲಿಕ್-ಉತ್-ತುಜ್ಜಾರ್', ಅಂದರೆ ವರ್ತಕರ ಒಡೆಯ, ಎಂಬ ಬಿರುದು ಪಡೆದು, ರಾಜ್ಯದ ಪ್ರಧಾನಿಯಾದವನು. ಅವನು 1472ರಲ್ಲಿ ಕಟ್ಟಿಸಿದ ಮದರಸಾದ ಒಂದು ಮಿನಾರು ಇಂದಿಗೂ ಬೀದರಿನಲ್ಲಿ ನಿಂತಿದೆ. 1481ರಲ್ಲಿ, ದಖ್ಖನಿ ಪಕ್ಷದವರು ಸೃಷ್ಟಿಸಿದ ಖೊಟ್ಟಿ ಪತ್ರದ ಆಧಾರದ ಮೇಲೆ, ಸುಲ್ತಾನನ ಆಜ್ಞೆಯಂತೆ ಅವನ ವಧೆಯಾಯಿತು. ದಖ್ಖನಿಗಳಾದರೂ ಮಣ್ಣಿನ ಮಕ್ಕಳೇನಲ್ಲ. ಅವರಲ್ಲಿ ಬಹುಪಾಲು ಜನ 14ನೆಯ ಶತಮಾನದಲ್ಲಿ ತುಘಲಕರ ಕಾಲಕ್ಕೆ ಉತ್ತರದಿಂದ ದೌಲತಾಬಾದಿಗೆ ಬಂದವರ ಸಂತತಿ. ಬಹಮನಿಗಳ ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿಯವರು ಈ ಎರಡು ಪಕ್ಷಗಳನ್ನು 'ಹಳೆಯ ಬಂದವರು', 'ಹೊಸ ಬಂದವರು' ಎಂದು ಕರೆದದ್ದು ಅರ್ಥಶಾಸ್ತ್ರಜ್ಞನ ನಿಖರತೆಯ ಮಾತು. ಇಲ್ಲಿ ಅರ್ಥಶಾಸ್ತ್ರವೆಂದರೆ ಪದಾರ್ಥದ ಶಾಸ್ತ್ರ, ಹಣದ್ದಲ್ಲ.

1470ರ ಆಸುಪಾಸಿನಲ್ಲಿ ಬೀದರಿಗೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿತಿನ್ ತನ್ನ ಟಿಪ್ಪಣಿಗಳಲ್ಲಿ ಎರಡು ಸಂಗತಿಗಳನ್ನು ದಾಖಲಿಸಿದ್ದಾನೆ. ಆಳುವವರು, ಸರದಾರರು ಎಲ್ಲರೂ ಖುರಾಸಾನದವರು ಎಂಬುದು ಒಂದು. ಹಳ್ಳಿಯ ಜನ ಕಡುಬಡವರು, ಸರದಾರರು ವೈಭವದಲ್ಲಿ ಬದುಕುವವರು ಎಂಬುದು ಇನ್ನೊಂದು. ಎರಡನ್ನೂ ಜೋಡಿಸಿ ಓದಿದರೆ, 15ನೆಯ ಶತಮಾನದ ಬೀದರಿನಲ್ಲಿ ಗರೀಬರು ಶ್ರೀಮಂತರಾಗಿದ್ದರು, ಗರೀಬರಲ್ಲದವರು ಬಡವರಾಗಿದ್ದರು ಎಂಬ ವಿಚಿತ್ರ ವಾಕ್ಯ ಸಿದ್ಧವಾಗುತ್ತದೆ. ಇಂದಿನ ಕನ್ನಡದ ಕಿವಿಗೆ ಅದು ವಿರೋಧಾಭಾಸ. ಏಕೆಂದರೆ ಅದೇ ಬೀದರಿನಲ್ಲಿ ಇಂದು 'ಗರೀಬ' ಎಂದರೆ ಬಡವ, ಅಷ್ಟೇ. 1971ರ ಚುನಾವಣೆಯಲ್ಲಿ 'ಗರೀಬಿ ಹಟಾವೋ' ಘೋಷಣೆಯನ್ನು ಕೇಳಿದ ಯಾರಿಗೂ ಅದರೊಳಗೆ ಒಬ್ಬ ಪರಕೀಯ ಅಡಗಿದ್ದಾನೆಂದು ಹೊಳೆದಿರಲಾರದು.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. 'ಗರೀಬ್' ಪದ ದಖ್ಖನಕ್ಕೆ ಬಂದ ಮೇಲೆಯೇ ಬಡವಾಯಿತೆಂದು ನಾವು ಹೇಳುತ್ತಿಲ್ಲ. ಪಾರಸಿಯಲ್ಲಿ ಪರಕೀಯತೆ, ದೈನ್ಯ ಎರಡೂ ಅರ್ಥಗಳು ಜೊತೆಯಲ್ಲಿಯೇ ಇದ್ದವು. ಅಜ್ಮೇರಿನ ಖ್ವಾಜಾ ಮೊಯಿನುದ್ದೀನ್ ಚಿಶ್ತಿಯವರ 'ಗರೀಬ್ ನವಾಜ್' ಎಂಬ ಬಿರುದಿನಲ್ಲಿಯೂ, ತನ್ನ ಮನೆಯನ್ನು ವಿನಯದಿಂದ 'ಗರೀಬಖಾನಾ' ಎನ್ನುವ ಶಿಷ್ಟಾಚಾರದಲ್ಲಿಯೂ ಎರಡನೆಯ ಅರ್ಥವೇ ಮುಂದಿದೆ. ನಮ್ಮ ವಾದ ಇಷ್ಟೆ: ಶಕ್ತಿವಂತರಾದ ಪರಕೀಯರಿಗೆ ಶತಮಾನಗಳ ಕಾಲ ಈ ಪದಗಳು ಸಲ್ಲುತ್ತಿದ್ದ ನೆಲದಲ್ಲಿಯೇ ಎರಡೂ ಪದಗಳು ದೈನ್ಯದ ಕಡೆಗೇ ವಾಲಿದವು. ಆದ್ದರಿಂದ ಪರಕೀಯರ ಬಡತನ ಇದಕ್ಕೆ ಕಾರಣವಾಗಿರಲಾರದು.

ಹಾಗಾದರೆ ಕಾರಣ ಯಾವುದು?

ಉತ್ತರವನ್ನು ಕನ್ನಡದೊಳಗೇ ಹುಡುಕಬೇಕೆಂದು ನಮಗೆ ತೋರುತ್ತದೆ. ಕನ್ನಡದಲ್ಲಿ ಸ್ಥಳವಾಚಕಗಳು ಆಸರೆಯ ವಾಚಕಗಳಾಗುವ ಪ್ರವೃತ್ತಿ ಬಲವಾಗಿದೆ. 'ದಿಕ್ಕು' ಎಂದರೆ ಮೂಡಣ ಪಡುವಣಗಳಷ್ಟೇ ಅಲ್ಲ. 'ನನಗೆ ಯಾರು ದಿಕ್ಕು?' ಎಂಬ ಪ್ರಶ್ನೆಗೆ ಉತ್ತರವಾಗಿ ಬರುವುದು ಒಬ್ಬ ವ್ಯಕ್ತಿಯ ಹೆಸರು. 'ನೆಲೆ'ಯೂ ಹೀಗೆಯೇ. 'ಹಿಂದೆ ಮುಂದೆ ಯಾರೂ ಇಲ್ಲದವ' ಎಂಬಲ್ಲಿ ಹಿಂದು, ಮುಂದು ಎಂಬ ಸ್ಥಾನಗಳನ್ನು ತುಂಬಬೇಕಾದವರು ನೆಂಟರು. ಒಬ್ಬ ಮನುಷ್ಯ ಎಲ್ಲಿಯವನು ಎಂಬ ಪ್ರಶ್ನೆ ಈ ಭಾಷೆಯಲ್ಲಿ ಬಹುಬೇಗ ಅವನು ಯಾರವನು ಎಂಬ ಪ್ರಶ್ನೆಯಾಗುತ್ತದೆ. ಇದರೊಡನೆ ಒಂದು ವ್ಯುತ್ಪತ್ತಿಯ ಕೌತುಕವಿದೆ. 'ದಿಕ್ಕು' ಮತ್ತು 'ದೇಶ' ಎರಡೂ ತೋರಿಸು ಎಂಬರ್ಥದ 'ದಿಶ್' ಧಾತುವಿನವು. ಹಾಗಾಗಿ 'ಪರದೇಶಿ' ಎಂಬುದನ್ನು 'ದಿಕ್ಕಿಲ್ಲದವ' ಎಂದು ವಿವರಿಸುವ ಆಡುಮಾತಿನ ಜಾಣ್ಮೆ, ತನಗೆ ತಿಳಿಯದೆಯೇ, ಒಂದು ಧಾತುವನ್ನು ಅದರ ಇನ್ನೊಂದು ರೂಪದಿಂದಲೇ ವಿವರಿಸುತ್ತಿದೆ. ದಿಗಂತಗಳ ಹೆಸರು ಹೊತ್ತ ಆಫಾಕಿಗಳ ನೆನಪಾದರೆ ತಪ್ಪೇನಿಲ್ಲ. ಆದರೆ ಆ ಹೋಲಿಕೆಯನ್ನು ನಾವು ಪ್ರಮಾಣವಾಗಿ ಬಳಸುವುದಿಲ್ಲ.

ಈ ಹಿನ್ನೆಲೆಯಲ್ಲಿ ಪದದ ನಡೆಯನ್ನು ಹೀಗೆ ಊಹಿಸಬಹುದು. 'ಪರದೇಶಿ' ಎಂಬ ಪದ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತಿತ್ತು: ಇವನು ಬೇರೆ ಕಡೆಯವನು, ಆದ್ದರಿಂದ ಇಲ್ಲಿ ಇವನಿಗೆ ತನ್ನವರಿಲ್ಲ. ಮೊದಲನೆಯದು ವಾಚ್ಯ, ಎರಡನೆಯದು ಅನುಮಿತ. ಕಾಲಕ್ರಮದಲ್ಲಿ ಅನುಮಿತವೇ ವಾಚ್ಯವಾಯಿತು, ಮೊದಲಿನ ವಾಚ್ಯ ಕಳಚಿಬಿದ್ದಿತು. ಕಳಚಿದ ಮೇಲೆ ಬೇರೆ ಕಡೆಯಿಂದ ಬರದವನೂ, ತನ್ನವರನ್ನು ಕಳೆದುಕೊಂಡ ಕ್ಷಣದಲ್ಲಿ, ಪರದೇಶಿಯಾಗಬಹುದು. ಸಾವಿನ ಮನೆಯ ವಾಕ್ಯ ಸಾಧ್ಯವಾಗುವುದು ಇಲ್ಲಿಂದ. 'ಆಗು', 'ಮಾಡು' ಕ್ರಿಯಾಪದಗಳೊಡನೆ ಈ ಪದ ಇಷ್ಟು ಸಲೀಸಾಗಿ ಕೂಡುವುದನ್ನು ಗಮನಿಸಬೇಕು. ವಿದೇಶಿ ಆಗಲು ಪಾಸ್‌ಪೋರ್ಟು ಬೇಕು, ಪರದೇಶಿ ಆಗಲು ಒಂದು ಸಾವು ಸಾಕು.

ಗುಂಪಾಗಿ ಬಂದ ಪರಕೀಯರಿಗೆ ಈ ಅನುಮಾನ ಹೊಂದುವುದಿಲ್ಲ. ಅವರು ತಮ್ಮವರನ್ನು ಜೊತೆಯಲ್ಲಿ ತಂದಿರುತ್ತಾರೆ. ಅಯ್ಯಾವೊಳೆಯ ವರ್ತಕನಿಗೆ ಸಂಘವಿತ್ತು, ಬೀದರಿನ ಆಫಾಕಿಗೆ ಪಕ್ಷವಿತ್ತು. ಕೊಚ್ಚಿಯ ಪರದೇಶಿ ಯಹೂದ್ಯರದು ಇದಕ್ಕೆ ಉತ್ತಮ ನಿದರ್ಶನ. 1568ರಲ್ಲಿ ಮಟ್ಟಾಂಚೇರಿಯಲ್ಲಿ ಕಟ್ಟಿದ ಅವರ ಪ್ರಾರ್ಥನಾಮಂದಿರಕ್ಕೆ ಇಂದಿಗೂ ಪರದೇಶಿ ಸಿನಗಾಗ್ ಎಂದೇ ಹೆಸರು. ಐಬೀರಿಯಾ ಮತ್ತಿತರ ಕಡೆಗಳಿಂದ ತಡವಾಗಿ ಬಂದ ಈ ಸಮುದಾಯ, ಶತಮಾನಗಳ ಹಿಂದೆಯೇ ನೆಲೆಸಿದ್ದ ಮಲಬಾರಿ ಯಹೂದ್ಯರಿಗಿಂತ ತಾನು ಮೇಲೆಂದು ಭಾವಿಸಿತು. ಆ ಮಂದಿರದೊಳಗೆ ಎಲ್ಲರಿಗೂ ಸಮಾನ ಹಕ್ಕಿರಲಿಲ್ಲ. ಅದಕ್ಕಾಗಿ 20ನೆಯ ಶತಮಾನದಲ್ಲಿ ವಕೀಲ ಎ.ಬಿ. ಸೇಲಂ ಸತ್ಯಾಗ್ರಹದ ಮಾರ್ಗ ಹಿಡಿಯಬೇಕಾಯಿತು. ಅಲ್ಲಿ ಪರದೇಶಿ ಎಂಬುದು ಒಳಗಿನವರ ಹೆಸರು, ಹೊರಗುಳಿದವರು ಊರಿನವರು. ಮಹಾರಾಷ್ಟ್ರದಲ್ಲಿ ಉತ್ತರದಿಂದ ಬಂದು ನೆಲೆಸಿದ ಕುಟುಂಬಗಳಿಗೆ 'ಪರದೇಶಿ' ಅಡ್ಡಹೆಸರಾಗಿ ಉಳಿದಿರುವುದೂ ಇದೇ ಬಗೆಯದು. ಬಹುವಚನದಲ್ಲಿ ಉಳಿದ ಮಾನ ಏಕವಚನದಲ್ಲಿ ಉಳಿಯಲಿಲ್ಲ. ಇದು ನಮ್ಮ ಊಹೆ. ಶಾಸನಗಳಿಂದ ಹಿಡಿದು ಆಧುನಿಕ ಗದ್ಯದವರೆಗಿನ ಪ್ರಯೋಗಗಳನ್ನು ವಚನಭೇದದಿಂದ ವಿಂಗಡಿಸಿ ನೋಡಿದರೆ ಇದನ್ನು ಪರೀಕ್ಷಿಸಬಹುದು. ಸಂಶೋಧನ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಾಕಲಿ ಎಂಬ ಆಸೆಯೂ ನಮಗಿದೆ.

ಹಿಂದಿಯ ದಾರಿ ಬೇರೆ. ಅಲ್ಲಿಯ 'ಪರದೇಸಿ' ಮನೆಯಿಂದ ದೂರವಿರುವ ಪ್ರಿಯ, ಇಲ್ಲವೆ ಇಂದೋ ನಾಳೆಯೋ ಹೊರಟುಹೋಗಲಿರುವ ಅತಿಥಿ. 1996ರ 'ರಾಜಾ ಹಿಂದುಸ್ತಾನಿ' ಚಿತ್ರದ ಜನಪ್ರಿಯ ಹಾಡು ನಿಂತಿರುವುದು ಈ ಅರ್ಥದ ಮೇಲೆ. ಭೋಜಪುರಿಯ 'ಬಿದೇಸಿಯಾ' ಎಂದರೆ ದುಡಿಮೆಗೆಂದು ಕಲಕತ್ತೆಗೆ ಹೋದ ಗಂಡ. ಭಿಖಾರಿ ಠಾಕೂರರ ನಾಟಕದ ಹೆಸರೂ ಅದೇ. ಎರಡು ಭಾಷೆಗಳೂ ಅದೇ ಅಗಲಿಕೆಯನ್ನು ನೋಡುತ್ತಿವೆ, ಆದರೆ ಹಿಂದಿ ಮತ್ತು ಭೋಜಪುರಿ ಹೆಸರಿಡುವುದು ಹೋದವನಿಗೆ, ಕನ್ನಡ ಹೆಸರಿಡುವುದು ಉಳಿದವಳಿಗೆ.

ಕನ್ನಡದ ಈ ಒಲವಿಗೆ ಇನ್ನೊಂದು ಸಾಕ್ಷಿ 'ಬೇವರ್ಸಿ'. ಪಾರಸಿಯ 'ಬೇ' ಎಂಬ ನಿಷೇಧಕ್ಕೆ ಅರಬ್ಬಿಯ 'ವಾರಿಸ್' ಸೇರಿದ ಈ ಪದ ಮೂಲದಲ್ಲಿ ಕಂದಾಯ, ನ್ಯಾಯಾಲಯಗಳ ಪರಿಭಾಷೆ: ವಾರಸುದಾರರಿಲ್ಲದ ಆಸ್ತಿ. ಮರಾಠಿಯಲ್ಲಿ 'ಬೇವಾರಶಿ' ಎಂದು ಇಕಾರಾಂತವಾಗಿದೆ. ಕನ್ನಡಕ್ಕೆ ಆ ದಾರಿಯಿಂದ ಬಂದಿರುವ ಸಂಭವವುಂಟು. ಕನ್ನಡದಲ್ಲಿ ಅದು ಆಸ್ತಿಯನ್ನು ಬಿಟ್ಟು ಮನುಷ್ಯನಿಗೆ ಅಂಟಿಕೊಂಡಿತು, ಅಂಟಿಕೊಂಡು ಬೈಗುಳವಾಯಿತು. ಸಂಸ್ಕೃತದ ಪರದೇಶಿ, ಅರಬ್ಬಿಯ ಗರೀಬ, ಪಾರಸಿ-ಅರಬ್ಬಿಯ ಬೇವರ್ಸಿ: ಮೂರು ಬೇರೆ ಬಾಗಿಲುಗಳಿಂದ ಬಂದ ಪದಗಳು ಒಂದೇ ಅಂಗಳದಲ್ಲಿ, ತಬ್ಬಲಿ ಮತ್ತು ಭಿಕಾರಿಗಳ ಪಕ್ಕದಲ್ಲಿ, ಕುಳಿತಿವೆ. ಇವುಗಳಲ್ಲಿ ಹೆಚ್ಚಿನವು ಇಕಾರಾಂತವಾಗಿದ್ದು, ಲಿಂಗಭೇದವಿಲ್ಲದೆ ಗಂಡಿಗೂ ಹೆಣ್ಣಿಗೂ ಸಲ್ಲುತ್ತವೆ. ಹೇಡಿ, ಸೋಮಾರಿ, ಪಾಪಿ, 'ಗೇಡಿ'ಯಿಂದ ಮುಗಿಯುವ ಪದಗಳ ಗುಂಪನ್ನು ನೆನೆದರೆ, ಕೊರತೆಯನ್ನು ಸೂಚಿಸುವ ನಾಮಪದಗಳಿಗೆ ಈ ಅಂತ್ಯ ಕನ್ನಡದ ಕಿವಿಗೆ ಒಗ್ಗಿದೆಯೇನೋ ಎನಿಸುತ್ತದೆ.

ಈ ಪಲ್ಲಟ ಕನ್ನಡಕ್ಕೆ ವಿಶಿಷ್ಟವೇನಲ್ಲ. ಜರ್ಮನ್ ಭಾಷೆಯಲ್ಲಿ ಸಂಕಟ, ದುರ್ಗತಿ ಎಂಬರ್ಥದ 'ಎಲೆಂಡ್' ಪದದ ಪ್ರಾಚೀನ ರೂಪ 'ಎಲಿಲೆಂಟಿ'. ಬೇರೆ ಎಂಬರ್ಥದ ಅಂಶಕ್ಕೆ ನಾಡು ಎಂಬರ್ಥದ ಅಂಶ ಸೇರಿ ಆದದ್ದು. ಅಂದರೆ ಅಂಗಾಂಗವಾಗಿ ನಮ್ಮ 'ಪರ-ದೇಶ'ವೇ. ಇಂಗ್ಲಿಷಿನ 'ರೆಚ್' ಹಳೆಯ ರೂಪದಲ್ಲಿ ಗಡೀಪಾರಾದವನನ್ನು ಸೂಚಿಸುತ್ತಿತ್ತು, ಈಗ ಸೂಚಿಸುವುದು ದೀನನನ್ನು. ಅದರ ಜರ್ಮನ್ ಸೋದರಪದ 'ರೆಕೆ' ಮಾತ್ರ ವೀರ ಎಂಬರ್ಥಕ್ಕೆ ಏರಿತು. ಆದ್ದರಿಂದ ಇಳಿಯುವುದೇ ಇಂಥ ಪದಗಳ ವಿಧಿ ಎನ್ನುವಂತಿಲ್ಲ.

ನಿಘಂಟು ಮತ್ತು ಅನುವಾದದ ದೃಷ್ಟಿಯಿಂದ ಇದರ ಪರಿಣಾಮ ಸಣ್ಣದಲ್ಲ. ಅರ್ಥಗಳನ್ನು ವ್ಯುತ್ಪತ್ತಿಯ ಕ್ರಮದಲ್ಲಿ ಜೋಡಿಸುವ ನಿಘಂಟು 'ಬೇರೆ ದೇಶದವನು' ಎಂಬುದನ್ನು ಮೊದಲಿಗಿಡುತ್ತದೆ. ಹೊರಗಿನಿಂದ ಕನ್ನಡ ಕಲಿಯುವವನು ಅದನ್ನು ನಂಬಿ ಹಳ್ಳಿಯಲ್ಲಿ ತನ್ನನ್ನು ಪರದೇಶಿಯೆಂದು ಪರಿಚಯಿಸಿಕೊಂಡರೆ, ಊಟಕ್ಕೆ ಕರೆಯುವವರು ಸಿಗುತ್ತಾರೆ, ಆದರೆ ಬೇರೆ ಕಾರಣಕ್ಕೆ. ಪಿ.ಟಿ. ಕುಂಞುಮುಹಮ್ಮದರ 2007ರ ಮಲಯಾಳಂ ಚಿತ್ರ 'ಪರದೇಶಿ' ಇನ್ನೂ ಕಠಿಣವಾದ ಉದಾಹರಣೆ. ದೇಶ ವಿಭಜನೆಗೆ ಮೊದಲು ದುಡಿಮೆಗೆಂದು ಕರಾಚಿಗೆ ಹೋಗಿ, ಪಾಕಿಸ್ತಾನದ ಪಾಸ್‌ಪೋರ್ಟಿನೊಂದಿಗೆ ಊರಿಗೆ ಮರಳಬೇಕಾಗಿ ಬಂದ ಮಲಬಾರಿನ ಮುಸಲ್ಮಾನರು, ಹುಟ್ಟಿದ ಮನೆಯಲ್ಲಿಯೇ ಕಾನೂನಿನ ಕಣ್ಣಿಗೆ ವಿದೇಶಿಯರಾದ ಕಥೆ ಅದು. ಮಲಯಾಳಂ ಶೀರ್ಷಿಕೆ ಹೇಳುವುದು ಅವರ ಕಾನೂನಿನ ಸ್ಥಿತಿಯನ್ನು. ಅದೇ ಶೀರ್ಷಿಕೆ, ಒಂದು ಅಕ್ಷರವೂ ಬದಲಾಗದೆ, ಕನ್ನಡಿಗನಿಗೆ ಅವರ ಒಂಟಿತನವನ್ನು ಹೇಳುತ್ತದೆ.

ನಿಕಿತಿನ್‌ನ ಪ್ರವಾಸವನ್ನು ಕುರಿತು ಭಾರತ ಮತ್ತು ಸೋವಿಯತ್ ಒಕ್ಕೂಟ ಕೂಡಿ 1957ರಲ್ಲಿ ತಯಾರಿಸಿದ ಹಿಂದಿ ಚಿತ್ರದ ಹೆಸರೂ 'ಪರದೇಸಿ'. ನಿಕಿತಿನ್ ದಾರಿಯಲ್ಲಿ ದರೋಡೆಗೆ ಸಿಕ್ಕಿ ಪುಸ್ತಕಗಳನ್ನು ಕಳೆದುಕೊಂಡಿದ್ದ. ಅವಿಲ್ಲದೆ ತನ್ನ ಹಬ್ಬಗಳ ದಿನ ಲೆಕ್ಕಹಾಕಲಾಗದೆ ಕೊರಗಿದ. ಜುನ್ನಾರಿನಲ್ಲಿ ಅಲ್ಲಿಯ ಅಧಿಕಾರಿ ಅವನ ಕುದುರೆಯನ್ನು ಕಿತ್ತುಕೊಂಡು, ಮತಾಂತರವಾದರೆ ಮರಳಿಸುವುದಾಗಿ ಹೇಳಿದಾಗ, ಮಧ್ಯೆ ಬಂದು ಬಿಡಿಸಿದವನು ಒಬ್ಬ ಖುರಾಸಾನಿ. ಬೀದರಿನ ಭಾಷೆಯಲ್ಲಿ ಅವನೂ ಗರೀಬನೇ.